ಚೌಬಾರಾದಲ್ಲಿ ಎರಡು ಬ್ಯಾಂಡು

ಮದುವೆ ಸೀಸನ್ನಿನಲ್ಲಿ ಸಂಜೆ ಹೊತ್ತು ಬೀದರಿನ ಹಳೇ ಊರೊಳಗೆ ಹೋದವರಿಗೆ ಒಮ್ಮೊಮ್ಮೆ ಈ ಯೋಗ ಒದಗುತ್ತದೆ. ಚೌಬಾರಾ ಗೋಪುರದ ಹತ್ತಿರ, ನಾಲ್ಕು ರಸ್ತೆ ಕೂಡುವಲ್ಲಿ, ಎರಡು ಬರಾತು ಎದುರುಬದುರಾಗುತ್ತವೆ. ಒಂದು ಬ್ಯಾಂಡಿನವರದು ಹಳೇ ಹಿಂದಿ ಸಿನಿಮಾ ಹಾಡು, ಇನ್ನೊಂದರವರದು ನಾಗಿನ್ ಧುನ್. ಕುದುರೆ ಬೆದರುತ್ತದೆ, ಆಟೋದವನು ಹಾರ್ನು ಒತ್ತುತ್ತಾನೆ, ಕ್ಲಾರಿಯೊನೆಟ್ಟಿನವನ ಕತ್ತಿನ ನರ ಉಬ್ಬುತ್ತದೆ. ನಾಲ್ಕು ಇಂಗ್ಲಿಷ್ ಪುಸ್ತಕ ಹೆಚ್ಚಿಗೇ ಓದಿಕೊಂಡ ನನ್ನ ಸ್ನೇಹಿತರೊಬ್ಬರು ಇದನ್ನು ಕೇಳಿ, "ಫ್ರೀ ಜಾಝ್ ಅಂದ್ರ ಇದೇ ನೋಡ್ರಿ" ಅಂದರು. ನಾನು ಒಪ್ಪಲಿಲ್ಲ. ವಾದ ಇನ್ನೂ ತೀರಿಲ್ಲ. ಪತ್ರಿಕೆಯಲ್ಲಾದರೆ ಅವರು ನಡುವೆ ಬಾಯಿ ಹಾಕಲಾರರೆಂಬ ಧೈರ್ಯದಿಂದ ಇಲ್ಲಿ ಮುಂದುವರಿಸುತ್ತೇನೆ.

ಆರ್ನೆಟ್ ಕೋಲ್ಮನ್ ಎಂಬ ಸ್ಯಾಕ್ಸೊಫೋನ್ ವಾದಕ 1960ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ತನ್ನನ್ನೂ ಸೇರಿಸಿ ಎಂಟು ಜನರನ್ನು ಕೂಡಿಸಿದ. 37 ನಿಮಿಷ, ನಡುವೆ ಎಲ್ಲೂ ನಿಲ್ಲಿಸದೆ ನುಡಿಸಿದರು. ಡ್ರಮ್ಮಿನವರೇ ಇಬ್ಬರು, ಬಾಸ್‌ನವರೂ ಇಬ್ಬರು. ನಾಲ್ವರು ಎಡಗಡೆ ಸ್ಪೀಕರಿನಲ್ಲಿ, ಇನ್ನು ನಾಲ್ವರು ಬಲಗಡೆ. ಒಬ್ಬನ ಸರದಿ ಶುರುವಾಗುವ ಮುನ್ನ ಎಲ್ಲರೂ ಕೂಡಿ ನುಡಿಸುವ ಚಿಕ್ಕ ತುಣುಕಷ್ಟೇ ಮೊದಲು ಗೊತ್ತುಮಾಡಿಕೊಂಡದ್ದು. ಉಳಿದದ್ದು ಆ ಗಳಿಗೆಗೆ ಬಿಟ್ಟದ್ದು. ಒಬ್ಬ ನುಡಿಸುವಾಗ ಮಿಕ್ಕವರು ಮನಸ್ಸು ಬಂದಲ್ಲಿ ಸೇರಬಹುದು. 1961ರಲ್ಲಿ ಬಂದ ಈ ರೆಕಾರ್ಡಿನ ಹೆಸರೇ 'ಫ್ರೀ ಜಾಝ್'. 1965ರ ಜೂನಿನಲ್ಲಿ ಜಾನ್ ಕೋಲ್ಟ್ರೇನ್ ಎಂಬ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಹನ್ನೊಂದು ಜನರ ಮೇಳ ಕಟ್ಟಿ 'ಅಸೆನ್ಶನ್' ಎಂಬ ಇಂಥದೇ ರೆಕಾರ್ಡು ಮಾಡಿದ. ಅದೇ ವರ್ಷ ಹುಟ್ಟಿದ ಮಗನಿಗೆ ಸಿತಾರಿನ ರವಿಶಂಕರರ ಹೆಸರನ್ನೇ ಇಟ್ಟ.

ಭಾಲ್ಕಿ ಕಡೆಯ ಹಳ್ಳಿಯೊಂದರಲ್ಲಿ ಪಖವಾಜ್ ಬಾರಿಸುವ ನನ್ನ ಸೋದರಮಾವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೋಲ್ಮನ್ನನ ರೆಕಾರ್ಡು ಕೇಳಿಸಿದೆ. "ಏನಪಾ ಇದು, ಹೇಳವ್ರೇ ಎಂಟು ಮಂದಿ, ಕೇಳವ್ರು ಯಾರು?" ಅಂದ. ಆದರೂ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗಿವಿಯದನ್ನು ಬಿಚ್ಚಿದ, ಬಲಗಿವಿಯದನ್ನು ಬಿಚ್ಚಿದ, ಮತ್ತೆ ಎರಡನ್ನೂ ಹಾಕಿಕೊಂಡ. "ಈ ಕಡಿನವ ಬಾರಸೋದು ಆ ಕಡಿನವ ಕೇಳ್ಲತಾನ. ಜಾಗ ಬಿಡ್ಲತಾನ ನೋಡು." ಸ್ನೇಹಿತರಿಗೆ ನನ್ನ ಉತ್ತರ ಇಷ್ಟೇ. ಚೌಬಾರಾದ ಬ್ಯಾಂಡಿನವರು ಒಬ್ಬರನ್ನೊಬ್ಬರು ಮುಳುಗಿಸಲು ಊದುತ್ತಾರೆ.

ಮಾವನಿಗೆ ಆ ಜಾಗ ಬಿಡುವುದು ಹೊಳೆದದ್ದಕ್ಕೆ ಕಾರಣವಿದೆ. ಔರಾದ್, ಭಾಲ್ಕಿ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ನಾಲಗೆಯ ಮೇಲೆ ಆಡುತ್ತವೆ. ಅಖಂಡ ಹರಿನಾಮ ಸಪ್ತಾಹ ಕೂತರೆ ಏಳು ದಿನ ವೀಣೆಯನ್ನು ನೆಲಕ್ಕಿಡುವಂತಿಲ್ಲ. ಪಾಳಿ ಮುಗಿದವನ ಕಾಲು ಮುಟ್ಟಿ, ಹೊಸಬ ಅದರ ಪಟ್ಟಿಗೆ ಕೊರಳು ಕೊಡುತ್ತಾನೆ. ತಂತಿ ಮೀಟುವುದು ನಿಲ್ಲಬಾರದು. ರಾತ್ರಿಯ ಭಜನೆಗೆ ತಾಳ ಹಿಡಿದವರ ಎರಡು ಸಾಲು ಎದುರುಬದುರು, ನಡುವೆ ಪಖವಾಜ್. ಅಭಂಗ ಹೇಳುವವನು ಯಾವ ಚರಣವನ್ನು ಎಷ್ಟು ಎಳೆಯುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಹಿಂದಿನ ಸಾಲಿನ ಮುದುಕನೊಬ್ಬ ಏಕಾಏಕಿ ಮೇಲಿನ ಷಡ್ಜದಲ್ಲಿ ಎತ್ತಿಕೊಳ್ಳುತ್ತಾನೆ, ಸಾಲು ಅತ್ತ ವಾಲುತ್ತದೆ, ಪಖವಾಜಿನವನು ಲಯ ಬಿಗಿಮಾಡುತ್ತಾನೆ. ರಿಹರ್ಸಲ್ಲು ಯಾವ ಕಾಲಕ್ಕೂ ಇರಲಿಲ್ಲ. ಹಾಗಂತ ಫ್ರೀ ಜಾಝ್ ನಮ್ಮಲ್ಲೇ ಹುಟ್ಟಿತು ಎಂದು ಎದೆ ತಟ್ಟಿಕೊಳ್ಳಲಾರೆ. ವಿಮಾನವೂ ನಮ್ಮದೇ ಅನ್ನುವವರು ಸಾಕಷ್ಟಿದ್ದಾರೆ. ಭಜನೆಯವನು ಎಲ್ಲಿಗೆ ಹೋದರೂ ಪಲ್ಲವಿಗೆ ಮರಳಲೇಬೇಕು. ಕೋಲ್ಮನ್ನನಿಗೆ ಆ ಹಂಗಿಲ್ಲ.

ಸ್ಯಾಕ್ಸೊಫೋನೇ ಬೇಕೆನ್ನುವವರಿಗೆ ನಮ್ಮ ಕದ್ರಿ ಗೋಪಾಲನಾಥರಿದ್ದರಲ್ಲ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮನಸೋತವರು, 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರ ಜೊತೆ 'ಕಿನ್ಸ್‌ಮೆನ್' ಎಂಬ ಆಲ್ಬಮ್ಮಿನಲ್ಲಿ ನುಡಿಸಿದರು. ಕೇಳಿ ನೋಡಿ, ಇಬ್ಬರೂ ಒಬ್ಬರಿಗೊಬ್ಬರು ಜಾಗ ಬಿಡುತ್ತಾರೆ.

ಈಗ ಹಳ್ಳಿಯ ಭಜನೆಗೂ ಎಕೋ ಹಾಕಿದ ಮೈಕು ಬಂದಿದೆ. ಇರುವುದು ಒಂದು, ಅದೂ ಮುಂದೆ ಕೂತವನ ಬಾಯಿಗೆ. ಹಿಂದಿನ ಸಾಲಿನ ಮುದುಕ ಎತ್ತಿದ್ದು ಪಕ್ಕದವನಿಗೂ ಕೇಳಿಸುವುದಿಲ್ಲ. ಕೇಳಿಸದ ಮೇಲೆ ಅವನಾದರೂ ಯಾಕೆ ಎತ್ತಿಯಾನು? "ಈಗ ನಾ ಮಂದಿಗೆ ಬಾರಸಂಗಿಲ್ಲಪಾ, ಡಬ್ಬಿಗೆ ಬಾರಸ್ಲತೀನಿ" ಎಂದು ಮಾವ ಸ್ಪೀಕರ್ ತೋರಿಸುತ್ತಾನೆ.

ಸಪ್ತಾಹ ನಡೆಸುವ ಹಿರಿಯರಲ್ಲಿ ಒಂದು ಬಿನ್ನಹ. ಕೀರ್ತನಕ್ಕೆ ಮೈಕು ಇರಲಿ, ಪ್ರಸಾದಕ್ಕೆ ಕರೆಯುವುದಕ್ಕೂ ಇರಲಿ. ರಾತ್ರಿ ಭಜನೆಗೆ ಕೂತಾಗ ಮಾತ್ರ ದಯವಿಟ್ಟು ಅದರ ಪಿನ್ನು ಕಿತ್ತಿಡಿ.