ಕಾರವಾರದ ಮರಳು, ಮಲೆನಾಡಿನ ಮೀನು

ಸಮುದ್ರತೀರಕ್ಕೆ ಹೋದವರು ಏನನ್ನಾದರೂ ಆಯ್ದುಕೊಳ್ಳದೆ ಹಿಂದಿರುಗುವುದು ಅಪೂರ್ವ. ಒಬ್ಬರಿಗೆ ಚಿಪ್ಪು ಬೇಕು, ಇನ್ನೊಬ್ಬರಿಗೆ ಶಂಖ ಬೇಕು. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರಾದರೆ, ಅದರ ತಳಕ್ಕೆ ಹಾಸಲು ಒಂದು ಚೀಲ ಮರಳನ್ನು ತುಂಬಿಕೊಳ್ಳುವ ಆಸೆಯೂ ಸಹಜವೇ. ಹಾಗೆ ತಂದ ಮರಳು ಮೀನಿಗೆ ಹಿತವೋ ಅಹಿತವೋ ಎಂಬ ಪ್ರಶ್ನೆಯು ಕಳೆದ ಮಾಘಮಾಸದಲ್ಲಿ ನಾವು ಮೊಮ್ಮಗನೊಡನೆ ಶಿರಸಿಯಿಂದ ಕಾರವಾರಕ್ಕೆ ಹೋಗಿದ್ದಾಗ ನಮ್ಮೆದುರಿಗೆ ಬಂದಿತು.

ಹುಡುಗನ ತೊಟ್ಟಿಯಲ್ಲಿ ಇದ್ದುವು ಮನೆಯ ಹಿಂದಿನ ಹಳ್ಳದ ಮೀನುಗಳೇ. ಅವುಗಳಲ್ಲಿ ಲೋಚ್ ಎಂಬ ಜಾತಿಯವು ಎರಡು: ಉದ್ದನೆಯ ಮೈ, ಬಾಯಿಯ ಸುತ್ತ ಎಳೆಮೀಸೆ. ಮರಳನ್ನು ಕೆದಕಿ ಆಹಾರ ಹುಡುಕುವುದೂ ಹೆದರಿದಾಗ ಅದರೊಳಗೆ ಹುದುಗುವುದೂ ಇವುಗಳ ಸ್ವಭಾವ. ತೊಟ್ಟಿಯಲ್ಲಿದ್ದುದಾದರೋ ಅಂಗಡಿಯಿಂದ ತಂದ ಚೂಪಾದ ಬಣ್ಣದ ಹರಳು. ಅದರಲ್ಲಿ ಉಜ್ಜಿ ಉಜ್ಜಿ ಮೀಸೆಗಳು ಸವೆದುಹೋಗಿ, ಎರಡರಲ್ಲಿ ಒಂದು ಮೀನು ಸತ್ತಿತು. ಉಳಿದುದನ್ನಾದರೂ ಬದುಕಿಸಬೇಕೆಂದು ಹುಡುಗನು ಮೃದುವಾದ ಮರಳಿಗಾಗಿ ಹಂಬಲಿಸುತ್ತಿದ್ದನು.

ದೇವಿಮನೆ ಘಟ್ಟವನ್ನಿಳಿದು, ಕುಮಟೆ ಅಂಕೋಲೆಗಳನ್ನು ದಾಟಿ, ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಕಾರವಾರದ ಕಡಲತೀರವನ್ನು ಸೇರಿದೆವು. ಉತ್ತರಕ್ಕೆ ಕಾಳೀನದಿಯ ಅಳಿವೆ, ಅದರಾಚೆ ಸದಾಶಿವಗಡದ ಗುಡ್ಡ. ಹುಡುಗನು ಬೊಗಸೆ ತುಂಬ ಮರಳೆತ್ತಿ, “ಅಜ್ಜಾ, ಇದಕ್ಕಿಂತ ನುಣುಪಾದ ಹಾಸಿಗೆ ಬೇರೆ ಎಲ್ಲಿ ಸಿಕ್ಕೀತು?” ಎಂದನು.

ನಾವು ಆ ಬೊಗಸೆಯನ್ನು ಬಿಸಿಲಿಗೆ ಹಿಡಿಸಿ ನೋಡಿದೆವು. ಅದರಲ್ಲಿ ಎರಡು ಕುಲದ ಕಣಗಳಿದ್ದುವು. ಒಂದು ಕುಲವು ಘಟ್ಟದ ಬಂಡೆಗಳು ಸವೆದು ನದಿಯೊಡನೆ ಇಳಿದು ಬಂದ ಕಲ್ಲಿನದು. ಮತ್ತೊಂದು, ಕಡಲಿನ ಜೀವಿಗಳು ಬಿಟ್ಟುಹೋದ ಚಿಪ್ಪಿನ ಚೂರು. ಈ ಎರಡನೆಯದೇ ವಿಚಾರಾರ್ಹವಾದುದು. ಕರಾವಳಿಯ ಜನರು ಹಿಂದೆ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದುದನ್ನು ವಾಚಕರು ಕೇಳಿರಬಹುದು. ಸುಡದಿದ್ದರೂ ಚಿಪ್ಪಿನಲ್ಲಿರುವುದು ಸುಣ್ಣದ ಅಂಶವೇ. ಬುತ್ತಿಯೊಡನೆ ತಂದಿದ್ದ ನಿಂಬೆಹಣ್ಣನ್ನು ಮರಳಿನ ಮೇಲೆ ಹಿಂಡಿದೆವು. ಚಿಪ್ಪಿನ ಚೂರುಗಳ ಸುತ್ತ ಸಣ್ಣ ಸಣ್ಣ ಗುಳ್ಳೆಗಳೆದ್ದುವು. ಕಲ್ಲಿನ ಕಣಗಳು ಸುಮ್ಮನಿದ್ದುವು. ಹುಳಿಯು ಸುಣ್ಣವನ್ನು ಕರಗಿಸುವುದಕ್ಕೆ ಇದೇ ಪ್ರತ್ಯಕ್ಷ ಪ್ರಮಾಣ. ಮನೆಯಲ್ಲಿ ವಿನೆಗರಿನಿಂದಲೂ ಈ ಪರೀಕ್ಷೆಯನ್ನು ಮಾಡಬಹುದು.

ಮಲೆನಾಡಿನ ಹಳ್ಳಗಳಲ್ಲಿ ಹರಿಯುವುದು ಮಳೆಯ ನೀರು; ಅಲ್ಲಿಯ ಬಂಡೆಗಳಲ್ಲಿ ಸುಣ್ಣವು ಅಲ್ಪ. ಆದುದರಿಂದ ಆ ನೀರು ಮೃದುವಾದುದು, ಕೆಲವೆಡೆ ತುಸು ಆಮ್ಲಗುಣವುಳ್ಳದ್ದು. ಅಂಥ ನೀರಿನ ತೊಟ್ಟಿಗೆ ಚಿಪ್ಪು ಬೆರೆತ ಮರಳನ್ನು ಹಾಕಿದರೆ, ಸುಣ್ಣವು ದಿನದಿನಕ್ಕೂ ಕರಗಿ ನೀರು ಗಡಸಾಗುತ್ತ ಕ್ಷಾರದತ್ತ ವಾಲುವುದು. ಉಪ್ಪನ್ನು ತೊಳೆದು ತೆಗೆಯಬಹುದು. ಚಿಪ್ಪನ್ನು ತೊಳೆದು ತೆಗೆಯಲಾಗದು. ಕಣ್ಣಿಗೆ ನೀರು ಸ್ವಚ್ಛವಾಗಿಯೇ ಕಾಣುವುದಾದರೂ ಮೀನಿಗೆ ಅದು ಪರದೇಶವೇ ಸರಿ.

ಹಾಗೆಂದು ಕಡಲ ಮರಳು ಎಲ್ಲ ಮೀನಿಗೂ ಅಹಿತವೆನ್ನಲಾಗದು. ಅಳಿವೆಯ ಸವಳು ನೀರಿನಲ್ಲಿ ಕೇರಳದವರು ಕರಿಮೀನ್ ಎಂದು ಕರೆಯುವ, ಮೈಮೇಲೆ ಮುತ್ತಿನಂತಹ ಚುಕ್ಕೆಗಳುಳ್ಳ ಮೀನಿದೆ. ಅದಕ್ಕೆ ಗಡಸು ನೀರು ಸಹ್ಯ. ತಾಯಿತಂದೆಗಳೆರಡೂ ಕೂಡಿ ಮೊಟ್ಟೆಯನ್ನು ಕಾಯುವುವು. ಒಡೆದು ಬಂದ ಮರಿಗಳನ್ನು ತಳದಲ್ಲಿ ತೋಡಿದ ಕುಳಿಗಳಿಗೆ ಸಾಗಿಸಿ ಸಲಹುವುವು. ಅಂಥ ಮೀನಿಗೆ ಮರಳೇ ತೊಟ್ಟಿಲು. ಒಂದಕ್ಕೆ ತೊಟ್ಟಿಲಾದುದು ಇನ್ನೊಂದಕ್ಕೆ ಕಂಟಕವಾಗಬಹುದೆಂಬುದನ್ನು ಹುಡುಗನು ಅಲ್ಲಿ ತಿಳಿದುಕೊಂಡನು.

ಮರುದಿನ ಗೋವೆಯ ಗಡಿಯ ಸಮೀಪದ ಮಾಜಾಳಿಗೆ ಹೋಗಿ, ಗುಡ್ಡವನ್ನು ಹತ್ತಿಳಿದು ತಿಳ್‌ಮಾತಿ ಎಂಬ ಪುಟ್ಟ ತೀರವನ್ನು ಕಂಡೆವು. ಕೊಂಕಣಿಯಲ್ಲಿ ತಿಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಸಂಸ್ಕೃತದ ತಿಲ, ಮೃತ್ತಿಕಾ ಶಬ್ದಗಳ ನಂಟು ಸ್ಪಷ್ಟವಾಗಿಯೇ ಇದೆ. ಅಲ್ಲಿಯ ಮರಳು ನಿಜವಾಗಿಯೂ ಕರಿಯೆಳ್ಳನ್ನು ಹರವಿದಂತೆ. ಹುಡುಗನ ಕಣ್ಣು ಅರಳಿತು. “ಬಣ್ಣಕ್ಕೆ ಮರುಳಾಗಬೇಡ ತಮ್ಮಾ, ಇಲ್ಲಿಯೂ ನಿಂಬೆಯೇ ನ್ಯಾಯಾಧಿಪತಿ” ಎಂದೆವು. ಅವನು ನಕ್ಕು, “ಆದರೆ ಅಜ್ಜಾ, ಎಲ್ಲರೂ ಒಂದೊಂದು ಚೀಲ ಒಯ್ದರೆ ಈ ತೀರವೇ ಉಳಿಯದಲ್ಲ?” ಎಂದನು.

ಆ ಮಾತಿಗೆ ನಾವು ತಲೆದೂಗಿದೆವು. ಕಾಳೀನದಿಯು ಘಟ್ಟದಿಂದ ಸುಮಾರು 184 ಕಿಲೋಮೀಟರ್ ಹರಿದು ಕಡಲನ್ನು ಸೇರುವುದು. ನಡುವೆ ಸೂಪಾ, ಕೊಡಸಳ್ಳಿ, ಕದ್ರಾ ಮೊದಲಾದ ಅಣೆಕಟ್ಟುಗಳಿವೆ. ಅಣೆಕಟ್ಟಿನ ಹಿಂದೆ ನೀರಿನೊಡನೆ ಮರಳೂ ತಂಗುವುದರಿಂದ, ತೀರಕ್ಕೆ ಬರುವ ಪಾಲು ಕುಗ್ಗುವುದು. ಕಡಲಾಮೆಗಳು ಈ ಜಿಲ್ಲೆಯ ತೀರದ ಮರಳಿನಲ್ಲಿಯೇ ಮೊಟ್ಟೆಯನ್ನಿಡುವುವು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಿಂದ ಮೊದಲ್ಗೊಂಡು ತೀರದ ಮರಳನ್ನು ಅಗೆದು ಸಾಗಿಸುವುದಕ್ಕೆ ಸರಕಾರದ ತಡೆಯೂ ಉಂಟು. ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿಗೆ ಒಂದೂವರೆ ಅಂಗುಲ ಹಾಸಬೇಕಾದರೆ ಸುಮಾರು 11 ಕಿಲೋ ಮರಳು ಬೇಕು. ವಿನೋದಕ್ಕಾಗಿ ಅಷ್ಟನ್ನು ಹೊತ್ತು ತರುವುದು ಗೃಹಸ್ಥರಿಗೆ ಶೋಭಿಸದು. ಹುಡುಗನು ಚೀಲವನ್ನು ಮಡಿಸಿಟ್ಟನು.

ಹಾಗಾದರೆ ಉಪಾಯವೇನು? ಮನೆ ಕಟ್ಟಿದವರಲ್ಲಿ ಮಿಕ್ಕಿರುವ ನದಿಯ ಮರಳು ಹಳ್ಳದ ಮೀನಿಗೆ ಸಾಕು. ಯಂತ್ರದಲ್ಲಿ ಕಲ್ಲು ಪುಡಿಮಾಡಿದ್ದು ಮಾತ್ರ ಬೇಡ, ಅದರ ಅಂಚು ಚೂಪು. ಸಿಮೆಂಟು ಸೋಕದ ಮರಳನ್ನು ಆರಿಸಿ, ಜರಡಿ ಹಿಡಿದು, ನಿಂಬೆಯಿಂದ ಪರೀಕ್ಷಿಸಿ, ನೀರು ತಿಳಿಯಾಗುವ ತನಕ ಬಕೆಟ್ಟಿನಲ್ಲಿ ಕೈಯಾಡಿಸಿ ತೊಳೆಯತಕ್ಕದ್ದು. ಸಾಬೂನು ಸರ್ವಥಾ ಕೂಡದು. ಅನಂತರ ಬಿಸಿಲಿನಲ್ಲಿ ಒಣಗಿಸಬೇಕು. ಎರಡು ಅಂಗುಲಕ್ಕಿಂತ ದಪ್ಪವಾಗಿ ಹಾಸಬಾರದು. ಹಾಸಿದರೆ ಅಡಿಯಲ್ಲಿ ಗಾಳಿಯಾಡದೆ ಕೊಳೆತು, ಕೆಟ್ಟ ಮೊಟ್ಟೆಯ ವಾಸನೆಯ ವಿಷವಾಯು ಹುಟ್ಟುವ ಭಯವಿದೆ. ಆಗಾಗ ಬೆರಳಿನಿಂದ ಮೆಲ್ಲನೆ ಕೆದಕುತ್ತಿರುವುದು ಒಳ್ಳೆಯದು.

ಊರಿಗೆ ಬಂದ ಮೇಲೆ ನೆರೆಮನೆಯವರು ಎರಡು ಬುಟ್ಟಿ ಹೊಳೆಮರಳನ್ನು ಸಂತೋಷದಿಂದ ಕೊಟ್ಟರು. ತೊಳೆದು ಹಾಸಿದ ದಿನ ಸಂಜೆಯೇ, ಉಳಿದಿದ್ದ ಆ ಒಂಟಿ ಮೀನು ಕಣ್ಣೆರಡನ್ನು ಮಾತ್ರ ಹೊರಗಿಟ್ಟು ಮರಳಿನಲ್ಲಿ ಹುದುಗಿ ಮಲಗಿತ್ತು. ಅದರ ಮೀಸೆ ಮರಳಿ ಚಿಗುರುವುದೋ ಎಂದು ಹುಡುಗನು ದಿನವೂ ದೀಪ ಹಿಡಿದು ನೋಡುತ್ತಿದ್ದಾನೆ.