ಎರಡು ಫೋನು ಬೇಕು

ಬೆಳ್ಳಾವಿಯಂಥ ಹೋಬಳಿಯ ಊರಿನಿಂದ ಬೆಂಗಳೂರಿಗೆ ಮಾತನಾಡುವುದೆಂದರೆ ಹಿಂದೆ ಅರ್ಧ ದಿನದ ಕೆಲಸ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆಮನೆಯ ಬೆಂಚಿನ ಮೇಲೆ ಕಾದು ಕುಳಿತಿರಬೇಕು. ಅವಸರದವರಿಗೆ ‘ಲೈಟ್ನಿಂಗ್ ಕಾಲ್’ ಉಂಟು. ದರ ಮಾತ್ರ ಎಂಟು ಪಟ್ಟು! ಸಾವಿನ ಸುದ್ದಿಗಲ್ಲದೆ ಮತ್ತಾವುದಕ್ಕೆ ಬಡ ಗೃಹಸ್ಥನು ಅದರ ತಂಟೆಗೆ ಹೋದಾನು?

ಆ ಕಾಲದ ಕರಿಯ ಟೆಲಿಫೋನು ಇಂದು ಅಟ್ಟ ಸೇರಿದೆ. ಅದನ್ನು ಒರೆಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ವಸ್ತುಸಂಗ್ರಹಾಲಯವಾಯಿತೆಂದು ಭಾವಿಸುವವರುಂಟು. ಟೆಲಿಫೋನಾದರೋ ಒಂಟಿಯಾಗಿ ಬಾಳಲಾರದ ವಸ್ತು. ಅತ್ತ ಇನ್ನೊಂದು ಫೋನು, ನಡುವೆ ಎಕ್ಸ್‌ಚೇಂಜು ಇಲ್ಲದಿದ್ದರೆ ಅದು ಬರಿಯ ಡಬ್ಬಿ. ಅಮೆರಿಕದ ಸಿಯಾಟಲ್ ನಗರದ ನಿವೃತ್ತ ಟೆಲಿಫೋನ್ ನೌಕರರು ಇದನ್ನು ಅರಿತವರು. ೧೯೨೩ರ ಎಕ್ಸ್‌ಚೇಂಜೊಂದನ್ನು ಅಲ್ಲಿಯ ಸ್ವಯಂಸೇವಕರು ತಂತಿ ಬೆಸೆದು, ತಿಕ್ಕಿ ತೀಡಿ, ಇಂದಿಗೂ ನಡೆಸುತ್ತಿದ್ದಾರೆ. ನೋಡಬಂದವರು ನಂಬರು ತಿರುಗಿಸಿದೊಡನೆ ಉದ್ದನೆಯ ಸರಳುಗಳು ಏರಿಳಿದು ಮತ್ತೊಂದು ಫೋನು ಗಣಗಣಿಸುತ್ತದೆ.

ನಮ್ಮಲ್ಲಿ ಅದಕ್ಕೆ ಸಾಮಗ್ರಿಯಿಲ್ಲವೆ? ೧೯೪೮ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆ ದೇಶಕ್ಕೆಲ್ಲ ಫೋನು ಮಾಡಿಕೊಟ್ಟಿತು. ಅದು ನೆಲೆಸಿದ ಬಡಾವಣೆಯ ಹೆಸರೇ ದೂರವಾಣಿನಗರ. ಹಳ್ಳಿಯ ಧೂಳು, ಸೆಕೆಗಳನ್ನು ತಾಳಿಕೊಳ್ಳುವಂತೆ ಸಿ-ಡಾಟ್ ಸಂಸ್ಥೆ ರೂಪಿಸಿದ ಪುಟ್ಟ ಎಕ್ಸ್‌ಚೇಂಜು ಮೊದಲು ಕೆಲಸಕ್ಕೆ ನಿಂತದ್ದು ೧೯೮೬ರಲ್ಲಿ, ನಮ್ಮ ಕಿತ್ತೂರಿನಲ್ಲಿಯೇ.

ಯಂತ್ರವನ್ನು ಗುಜರಿಯಿಂದಲಾದರೂ ತರಬಹುದು. ಗೊರಗೊರ ಸದ್ದು ಕೇಳಿಯೇ ದೋಷವೆಲ್ಲಿದೆಯೆಂದು ಹೇಳಬಲ್ಲ ಲೈನ್‌ಮನ್ನರು ಮಾತ್ರ ವೃದ್ಧರಾಗಿದ್ದಾರೆ. ಅವರಲ್ಲಿ ಇಬ್ಬರು, ಕಲಿಯಬಲ್ಲ ನಾಲ್ವರು ಹುಡುಗರು, ಊರಿನಲ್ಲೊಂದು ಕೋಣೆ — ಇಷ್ಟಾದರೆ ಬೆಳ್ಳಾವಿಯಲ್ಲೂ ಆರಂಭಿಸಬಹುದು. ಫೋನು ಮಾತ್ರ ಎರಡಿರಲಿ.