ಕಾಳುವಿನ ರಕ್ತಪರೀಕ್ಷೆ

ಶಾಲೆಯ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ, ಪಶುವೈದ್ಯದ ಪ್ರಯೋಗಶಾಲೆಯಲ್ಲಿ ದಿನ ಕಳೆಯುವ ನಾವು ಏನನ್ನು ತಾನೆ ಬರೆಯಬಲ್ಲೆವೆಂದು ಮೊದಲು ಹಿಂಜರಿದೆವು. ಆದರೆ ನಮಗೆ ವಿಜ್ಞಾನದ ಪಾಠ ಹೇಳಿದ ಟೀಚರಮ್ಮನವರನ್ನೂ ಅವರ ನಾಯಿಯಾದ ಕಾಳುವನ್ನೂ ನೆನೆದೊಡನೆ, ಹೇಳಲೇಬೇಕಾದ ಮಾತೊಂದು ನಮ್ಮಲ್ಲಿ ಉಳಿದಿದೆಯೆಂದು ತೋರಿತು.

2021ನೆಯ ಇಸವಿಯ ಮೇ ತಿಂಗಳಲ್ಲಿ ಕೊರೋನಾ ಜಾಡ್ಯದ ಎರಡನೆಯ ಅಲೆಯು ಮನೆಮನೆಯನ್ನೂ ಹೊಕ್ಕಿದ್ದಾಗ, ಟೀಚರಮ್ಮನವರು ಆಸ್ಪತ್ರೆಯನ್ನು ಸೇರಿದರು. ಒಂಟಿಯಾಗಿದ್ದ ಅವರ ಮನೆಯಲ್ಲಿ ಉಳಿದುದು ಕಾಳು ಮಾತ್ರ. ಹೈದರಾಬಾದಿನ ಮೃಗಾಲಯದ 8 ಸಿಂಹಗಳಿಗೆ ಸೋಂಕು ತಗಲಿದ ವರ್ತಮಾನವು ಆಗತಾನೆ ಪತ್ರಿಕೆಗಳಲ್ಲಿ ಬಂದಿತ್ತು. ನೆರೆಯವರು ಹೆದರಿ, "ಈ ನಾಯಿಯಿಂದ ನಮ್ಮ ಮಕ್ಕಳಿಗೆ ರೋಗ ಬಂದೀತೇ ಅಮ್ಮಾ?" ಎಂದು ಫೋನಿನಲ್ಲಿ ನಮ್ಮನ್ನು ಕೇಳಿದರು. "ಪರೀಕ್ಷೆ ಮಾಡದೆ ಏನನ್ನೂ ಹೇಳಲಾಗದು" ಎಂದೆವು. ಅದೇ ಶಾಸ್ತ್ರಕ್ಕೊಪ್ಪುವ ಉತ್ತರವೆಂದು ನಾವು ಭಾವಿಸಿದ್ದೆವು. ಅವರಾದರೋ ಅದನ್ನು ಎಚ್ಚರಿಕೆಯ ಮಾತೆಂದೇ ತಿಳಿದು, ಮರುದಿನ ಕಾಳುವನ್ನು ಊರ ಹೊರಕ್ಕೆ ಅಟ್ಟಿಬಿಟ್ಟರು.

ಪರೀಕ್ಷೆಯೆಂದು ಸುಲಭವಾಗಿ ನುಡಿದೆವು. ಆದರೆ ಆ ಪರೀಕ್ಷೆ ಆಗ ನಮ್ಮ ಕೈಯಲ್ಲಿರಲಿಲ್ಲ. ರೋಗವು ಬಂದು ಹೋದ ಮೇಲೆ ರಕ್ತದಲ್ಲಿ ಅದರ ಪ್ರತಿಕಾಯಗಳು ಉಳಿಯುತ್ತವೆ. ಅವನ್ನು ಕಂಡುಹಿಡಿಯುವ ಎಲೈಸಾ ಎಂಬ ವಿಧಾನವನ್ನು 1971ರಲ್ಲಿ ಸ್ವೀಡನ್ನಿನ ಏವಾ ಎಂಗ್ವಾಲ್ ಎಂಬ ವಿದುಷಿಯೂ ಪೀಟರ್ ಪರ್ಲ್‌ಮನ್ ಅವರೂ ಪ್ರಕಟಿಸಿದರು. 96 ಪುಟ್ಟ ಗುಳಿಗಳುಳ್ಳ ತಟ್ಟೆಯೊಂದರಲ್ಲಿ ವೈರಸ್ಸಿನ ಪ್ರೋಟೀನನ್ನು ಲೇಪಿಸಿ, ಅದರ ಮೇಲೆ ಪ್ರಾಣಿಯ ರಕ್ತದಿಂದ ತೆಗೆದ ಸೀರಮ್ಮನ್ನು ಹಾಕಿ ತೊಳೆದರೆ, ಪ್ರತಿಕಾಯವಿದ್ದಲ್ಲಿ ಅದು ಅಂಟಿಕೊಂಡು ನಿಲ್ಲುವುದು. ಬಳಿಕ ಅದನ್ನು ಗುರುತಿಸಬಲ್ಲ, ಕಿಣ್ವವನ್ನು ಹೊತ್ತ ಮತ್ತೊಂದು ಪ್ರತಿಕಾಯವನ್ನು ಸೇರಿಸಿದರೆ, ಕೊನೆಗೆ ಹಾಕುವ ದ್ರವದಲ್ಲಿ ಬಣ್ಣ ಮೂಡುವುದು.

ಮನುಷ್ಯರಿಗಾಗಿ ಮಾಡಿದ ಸಾಮಗ್ರಿಯನ್ನೇ ನಾಯಿಗೆ ಬಳಸಬಾರದೇ ಎಂದು ನೀವು ಕೇಳಬಹುದು. ಮನುಷ್ಯರ ಪ್ರತಿಕಾಯವನ್ನು ಗುರುತಿಸುವ ವಸ್ತುವು ನಾಯಿಯ ಪ್ರತಿಕಾಯವನ್ನು ನೆಚ್ಚುವಂತೆ ಗುರುತಿಸದು. ನಾಯಿಗೆ ಬೇರೆ, ಬೆಕ್ಕಿಗೆ ಬೇರೆ, ಜಿಂಕೆಗೆ ಬೇರೆ ಬೇಕು. ಇದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದುಂಟು. ನಮ್ಮ ಪ್ರಯೋಗಶಾಲೆಯಲ್ಲಿ ಮೊದಲನೆಯ ಯತ್ನದ ದಿನ ಹಲವು ಗುಳಿಗಳಲ್ಲಿ ಬಣ್ಣವೇರಿದುದನ್ನು ಕಂಡು ಹಿಗ್ಗಿದೆವು. ಆದರೆ 2016ರಿಂದ ಶೀತಪೆಟ್ಟಿಗೆಯಲ್ಲಿದ್ದ ಹಳೆಯ ಸೀರಮ್ಮುಗಳಲ್ಲಿಯೂ ಕೆಲವು ಹಾಗೆಯೇ ಬಣ್ಣಕ್ಕೆ ತಿರುಗಿದ್ದವು! ಹೊಸ ರೋಗವು ಹುಟ್ಟುವ ಮುನ್ನವೇ ಅದರ ಗುರುತು ಇರುವುದೆಂತು? ನಾಯಿಗಳಿಗೆ ಕರುಳಿಗೊಂದು, ಉಸಿರಾಟದ ಅಂಗಗಳಿಗೊಂದು ಎಂದು ತಮ್ಮವೇ ಆದ ಕೊರೋನಾ ವೈರಸ್ಸುಗಳು ಹಿಂದಿನಿಂದಲೂ ಇವೆ. ಅವುಗಳ ಪ್ರತಿಕಾಯವು ಹೊಸದರ ನೆಂಟಸ್ತಿಕೆಯಿಂದ ನಮ್ಮನ್ನು ವಂಚಿಸಿತ್ತು. ಪ್ರೋಟೀನಿನಲ್ಲಿ ಇತರ ವೈರಸ್ಸುಗಳನ್ನು ಹೋಲುವ ಭಾಗವನ್ನು ತೆಗೆದು, ಎಷ್ಟು ಬಣ್ಣವೇರಿದರೆ ಸೋಂಕೆನ್ನಬೇಕೆಂಬ ಎಲ್ಲೆಯನ್ನು ಆ ಹಳೆಯ ಸೀರಮ್ಮುಗಳಿಂದಲೇ ಗೊತ್ತುಮಾಡಬೇಕಾಯಿತು.

ಸಿಂಗಪುರದ ಪಂಡಿತರು 2020ರಲ್ಲಿ ಮತ್ತೊಂದು ದಾರಿಯನ್ನು ತೋರಿದ್ದರು. ವೈರಸ್ಸು ಜೀವಕೋಶವನ್ನು ಹಿಡಿಯುವ ಹಿಡಿಕೆಯನ್ನು ಪ್ರತಿಕಾಯವು ತಡೆಯುವುದೋ ಇಲ್ಲವೋ ಎಂದು ನೋಡುವುದೇ ಆ ಉಪಾಯ. ಇದರಲ್ಲಿ ಪ್ರಾಣಿಯ ಜಾತಿಯನ್ನು ವಿಚಾರಿಸಬೇಕಾದುದಿಲ್ಲ. ಇದರಿಂದಲೇ ಅಮೇರಿಕದ 4 ಸಂಸ್ಥಾನಗಳಲ್ಲಿ 2021ರಲ್ಲಿ ತೆಗೆದ ಕಾಡುಜಿಂಕೆಗಳ ರಕ್ತದಲ್ಲಿ ನೂರಕ್ಕೆ 40ರಷ್ಟಕ್ಕೆ ಪ್ರತಿಕಾಯವಿದ್ದುದು ಬೆಳಕಿಗೆ ಬಂದಿತು. ನಮ್ಮ ದೇಶದಲ್ಲಿಯೂ ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರು ಸಿದ್ಧಪಡಿಸಿದ ನಾಯಿಗಳ ಎಲೈಸಾ ಸಾಮಗ್ರಿಯು 2022ರ ಜೂನಿನಲ್ಲಿ, ಪ್ರಾಣಿಗಳಿಗಾಗಿ ಮಾಡಿದ ಆಂಕೋವ್ಯಾಕ್ಸ್ ಲಸಿಕೆಯೊಡನೆ ಬಿಡುಗಡೆಯಾಯಿತು.

ಕಾಳುವಿನ ಕಥೆಗೆ ಮರಳುವೆವು. ಟೀಚರಮ್ಮನವರು ಗುಣಹೊಂದಿ ಮನೆಗೆ ಬಂದ ಕೆಲವು ದಿನಗಳಲ್ಲಿ, ಹಾಲು ಮಾರುವವನೊಬ್ಬನು ಎಲುಬು ಕಾಣುವಂತೆ ಬಡವಾಗಿದ್ದ ಕಾಳುವನ್ನು ಹಗ್ಗ ಹಾಕಿ ಕರೆತಂದನು. ನಮ್ಮ ತಿದ್ದಿದ ಪರೀಕ್ಷೆಯು ಅಷ್ಟರಲ್ಲಿ ಒಂದು ಹದಕ್ಕೆ ಬಂದಿತ್ತು. ಅಮ್ಮನವರ ಒಪ್ಪಿಗೆ ಪಡೆದು ಕಾಳುವಿನ ರಕ್ತವನ್ನು ತೆಗೆದು ನೋಡಿದೆವು. ಗುಳಿಯಲ್ಲಿ ಬಣ್ಣ ಮೂಡಲಿಲ್ಲ. ಸೋಂಕಿನ ಗುರುತೇ ಅದರಲ್ಲಿರಲಿಲ್ಲ.

ಸಂತೋಷದಿಂದ ಓಡಿಹೋಗಿ ಹೇಳಿದೆವು. ಟೀಚರಮ್ಮನವರು ಕಾಳುವಿನ ತಲೆಯನ್ನು ನೇವರಿಸುತ್ತ, "ಒಳ್ಳೆಯದಾಯಿತು ಮಗು. ಆದರೆ ಪರೀಕ್ಷೆಗೆ ಮುಂಚೆಯೂ ನಿನಗೆ ತಿಳಿದದ್ದು ಸ್ವಲ್ಪವಿತ್ತಲ್ಲ; ಅದನ್ನಾದರೂ ಅವರಿಗೆ ಹೇಳಬಾರದಿತ್ತೆ?" ಎಂದರು.

ನಾವು ತಲೆತಗ್ಗಿಸಿದೆವು. ಸಾಕುಪ್ರಾಣಿಗಳಿಗೆ ಈ ರೋಗವು ಬಹುಮಟ್ಟಿಗೆ ಮನುಷ್ಯರಿಂದಲೇ ತಗಲುವುದೆಂದೂ, ನಾಯಿಗಳಿಗೆ ತಗಲುವುದು ಬೆಕ್ಕುಗಳಿಗಿಂತಲೂ ಕಡಿಮೆಯೆಂದೂ ನಮಗೆ ಆಗಲೇ ತಿಳಿದಿತ್ತು. ಮನುಷ್ಯರಿಗೆ ರೋಗವನ್ನು ಮರಳಿಸಿದ ಮಿಂಕ್ ಪ್ರಾಣಿಗಳನ್ನು 2020ರಲ್ಲಿ ಡೆನ್ಮಾರ್ಕಿನಲ್ಲಿ ಲಕ್ಷಗಟ್ಟಲೆ ಕೊಂದುದೂ ತಿಳಿದಿತ್ತು. ಅದು ನಾಯಿಯ ಕಥೆಯಲ್ಲವೆಂಬುದೂ ತಿಳಿದಿತ್ತು. ಇದಿಷ್ಟನ್ನೂ ಹೇಳಿ, "ಕೈ ತೊಳೆದುಕೊಂಡು ದೂರದಿಂದ ಅನ್ನ ಹಾಕಿರಿ" ಎಂದಿದ್ದರೆ ಸಾಕಾಗಿತ್ತು.

ಈಗ ಯಾರಾದರೂ ಪ್ರಶ್ನೆ ಕೇಳಿದರೆ, ತಿಳಿಯದುದನ್ನು ತಿಳಿಯದೆಂದು ಹೇಳುವುದರೊಡನೆ ತಿಳಿದಷ್ಟನ್ನೂ ಹೇಳಿಯೇ ತೀರುವೆವು. ನಮ್ಮ ಶಾಲೆಯ ಆ ಕೊನೆಯ ಪಾಠವನ್ನು ನಾವು ಕಲಿತುದು, ಶಾಲೆ ಬಿಟ್ಟು ಬಹುಕಾಲವಾದ ಮೇಲೆ, ಟೀಚರಮ್ಮನವರ ಮನೆಯ ಜಗಲಿಯಲ್ಲಿ.